ಎರಡು ನಕ್ಷೆಗಳು ಒಂದನ್ನೊಂದು ಒಪ್ಪಿದರೆ ಸಾಕೇ? ಯೂಟಾದ ಎಸ್ಕಲಾಂಟೆ ಕಮರಿಗಳ ಸ್ಥಳಾಕೃತಿ ನಕ್ಷೆಗಳ ಬಗ್ಗೆ

ಯೂಟಾ ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ದಕ್ಷಿಣ ಯೂಟಾದಲ್ಲಿ ಎಸ್ಕಲಾಂಟೆ ನದಿಯನ್ನು ಸೇರುವ ಕಮರಿಗಳಲ್ಲಿ ಉಳಿದಿರುವ ಒರತೆಗಳನ್ನೂ ಹಳೆಯ ಜಾನುವಾರು ಕಟ್ಟೆಗಳನ್ನೂ ಹುಡುಕಿ, ಅವುಗಳಲ್ಲಿ ಈಗ ನೀರಿದೆಯೇ ಎಂದು ದಾಖಲಿಸುವ ಸ್ವಯಂಸೇವಕರ ತಂಡವೊಂದರಲ್ಲಿ ನಾನಿದ್ದೇನೆ. ಈ ಪ್ರದೇಶದ ಬಹುಭಾಗ 1996ರಲ್ಲಿ ಘೋಷಣೆಯಾದ ಗ್ರ್ಯಾಂಡ್ ಸ್ಟೇರ್‌ಕೇಸ್–ಎಸ್ಕಲಾಂಟೆ ರಾಷ್ಟ್ರೀಯ ಸ್ಮಾರಕದೊಳಗಿದೆ. ಕೇಂದ್ರ ಸರ್ಕಾರದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಅಂದರೆ ಬಿಎಲ್‌ಎಂ, ಇದರ ಉಸ್ತುವಾರಿ ನೋಡಿಕೊಳ್ಳುತ್ತದೆ. ಸಮುದ್ರಮಟ್ಟದಿಂದ ಸುಮಾರು 5,000 ಅಡಿ ಎತ್ತರದ ಮರುಭೂಮಿ. ಮೇಲೆ ಮರಳುಗಲ್ಲಿನ ಬಯಲು, ಅದನ್ನು ಸೀಳಿಕೊಂಡು ಹೋಗುವ ಕಡಿದಾದ ಕಮರಿಗಳು.

ತಂಡಕ್ಕೆ ನಕ್ಷೆ ಸಿದ್ಧಪಡಿಸುವ ಹೊಣೆ ನನ್ನದು. ಕೈಯಲ್ಲಿ ಮೂರು ಆಕರಗಳಿವೆ: ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಯುಎಸ್‌ಜಿಎಸ್ ಪ್ರಕಟಿಸಿದ 1:24,000 ಪ್ರಮಾಣದ ಹಳೆಯ ಟೋಪೋಶೀಟುಗಳು, ಅದೇ ಸಂಸ್ಥೆ 2009ರಿಂದ ಹೊರತರುತ್ತಿರುವ ಯುಎಸ್ ಟೋಪೋ ಹಾಳೆಗಳು, ಮತ್ತು ನೆರಳು ಬೆಳಕಿನಿಂದ ಭೂಮಿಯ ಉಬ್ಬುತಗ್ಗು ತೋರಿಸುವ ಮೊಬೈಲ್ ಆ್ಯಪ್. ಒಂದು ಉಪಕಮರಿಯಲ್ಲಿ ಸುಮಾರು 25 ಅಡಿಯ ನೇರ ಬಂಡೆಜಿಗಿತ, ಅಂದರೆ ಕಮರಿಯ ತಳವೇ ಥಟ್ಟನೆ ಕೆಳಗಿಳಿಯುವ ಬಂಡೆ, ಇದೆಯೆಂದು ಅಲ್ಲಿ ನಡೆದುಬಂದವರು ಹೇಳಿದರು. ಹಳೆಯ ಹಾಳೆಯಲ್ಲಿ ಅದು ಕಾಣುವುದಿಲ್ಲ. ಆ್ಯಪ್‌ನಲ್ಲಿಯೂ ಇಲ್ಲ. ಸಂಬಂಧವಿಲ್ಲದ ಎರಡು ಆಕರಗಳು ಒಂದೇ ಮಾತು ಹೇಳುತ್ತಿರುವಾಗ ಎರಡೂ ತಪ್ಪಾಗಿರಲು ಸಾಧ್ಯವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ನಿವೃತ್ತ ಮೋಜಣಿದಾರ:

ಸೇವೆಯಲ್ಲಿದ್ದಷ್ಟು ಕಾಲವೂ ವಿಮಾನದಿಂದ ತೆಗೆದ ಚಿತ್ರಗಳನ್ನು ನೋಡಿ ನಕ್ಷೆ ಎಳೆಯುವುದೇ ನನ್ನ ಕೆಲಸವಾಗಿತ್ತು. ಅದು ನಮ್ಮ ದೇಶದ ಹಾಳೆಗಳ ಮೇಲೆ. ಆದರೆ ವಿಧಾನ ಎಲ್ಲ ಕಡೆಯೂ ಒಂದೇ ಆದ್ದರಿಂದ ಹಳೆಯ ಹಾಳೆಯ ಬಗ್ಗೆ ನಾನು ಹೇಳಬಲ್ಲೆ.

ಒಂದೇ ನೆಲವನ್ನು ಬೇರೆ ಬೇರೆ ಕೋನದಿಂದ ತೋರಿಸುವ ಎರಡು ಚಿತ್ರಗಳನ್ನು ಸ್ಟೀರಿಯೋ ಪ್ಲಾಟರ್ ಎಂಬ ಯಂತ್ರದಲ್ಲಿ ಜೋಡಿಸಿದರೆ ಬೆಟ್ಟ ಕಣಿವೆಗಳು ಕಣ್ಣೆದುರು ಎದ್ದು ನಿಲ್ಲುತ್ತವೆ. ಅದರೊಳಗೆ ತೇಲುವ ಚುಕ್ಕಿಯೊಂದನ್ನು ಒಂದು ಎತ್ತರಕ್ಕೆ, ಉದಾಹರಣೆಗೆ 4,880 ಅಡಿಗೆ, ನಿಲ್ಲಿಸಿ, ಅದು ನೆಲವನ್ನು ಬಿಟ್ಟು ಮೇಲೇಳದಂತೆ, ನೆಲದೊಳಗೆ ಮುಳುಗದಂತೆ ಜಾರಿಸಿಕೊಂಡು ಹೋದರೆ ಆ ಎತ್ತರದ ಕಾಂಟೂರ್ ರೇಖೆ ಮೂಡುತ್ತದೆ. ಬಯಲಿನಲ್ಲಿ ಇದು ಸರಾಗ. ಆಳವಾದ ಕಮರಿಯ ತಳದಲ್ಲಿ ಕಪ್ಪು ನೆರಳು ಬಿದ್ದಿದ್ದರೆ ಚುಕ್ಕಿಯನ್ನು ಎಲ್ಲಿ ಕೂರಿಸಬೇಕೆಂಬುದೇ ತಿಳಿಯುವುದಿಲ್ಲ. ಆಗ ಮೇಲಿನ ಮತ್ತು ಕೆಳಗಿನ ಸ್ಪಷ್ಟ ಭಾಗಗಳನ್ನು ನೋಡಿಕೊಂಡು ನಡುವಿನ ಗೆರೆಯನ್ನು ಅನುಭವದ ಮೇಲೆ ಎಳೆಯುವುದು ವಾಡಿಕೆ. ಅಚ್ಚಾದ ಮೇಲೆ ಕಂಡು ಎಳೆದ ಗೆರೆಗೂ ಊಹಿಸಿ ಎಳೆದ ಗೆರೆಗೂ ಯಾವ ವ್ಯತ್ಯಾಸವೂ ಉಳಿಯುವುದಿಲ್ಲ. ನನ್ನ ವೃತ್ತಿಯಲ್ಲಿ ನನಗೆ ಎಂದಿಗೂ ಸಮಾಧಾನ ಕೊಡದ ಸಂಗತಿ ಇದು.

ಇನ್ನು ನಿಮ್ಮ 25 ಅಡಿಯ ಜಿಗಿತ. ಇಂಥ ಒರಟು ನೆಲದ 1:24,000 ಹಾಳೆಗಳಲ್ಲಿ ಸಾಮಾನ್ಯವಾಗಿ ಎರಡು ಕಾಂಟೂರ್‌ಗಳ ನಡುವಿನ ಅಂತರ 40 ಅಡಿ. ಜಿಗಿತದ ಬುಡ 4,885 ಅಡಿ, ತುದಿ 4,910 ಅಡಿ ಎಂದುಕೊಳ್ಳಿ. 4,880ರ ಗೆರೆ ಅದರ ಕೆಳಗೆ, 4,920ರ ಗೆರೆ ಅದರ ಮೇಲೆ ಹಾದುಹೋಗುತ್ತವೆ. ಜಿಗಿತವನ್ನು ಯಾವ ಗೆರೆಯೂ ಮುಟ್ಟುವುದಿಲ್ಲ. ನಕ್ಷೆಯವನು ತಪ್ಪನ್ನೇ ಮಾಡದಿದ್ದರೂ ಆ ಬಂಡೆ ಹಾಳೆಯ ಮೇಲೆ ಇರುವುದಿಲ್ಲ. ಜೊತೆಗೆ ಹತ್ತು ಮೀಟರ್ ಅಗಲದ ಕಮರಿಯ ತಳವು ಈ ಪ್ರಮಾಣದಲ್ಲಿ ಅರ್ಧ ಮಿಲಿಮೀಟರಿಗೂ ಕಡಿಮೆ. ಅಷ್ಟರೊಳಗೆ ತೊರೆಯ ನೀಲಿ ಗೆರೆ, ಕಾಂಟೂರ್‌ನ ಕಂದು ಗೆರೆ ಎಲ್ಲವೂ ಹಿಡಿಯಬೇಕು.

ಅಮೆರಿಕದ 1947ರ ರಾಷ್ಟ್ರೀಯ ನಕ್ಷಾ ನಿಖರತೆಯ ಮಾನದಂಡದ ಪ್ರಕಾರ ಪರೀಕ್ಷಿಸಿದ ಬಿಂದುಗಳಲ್ಲಿ ಶೇಕಡಾ 90ರಷ್ಟು, ಎತ್ತರದಲ್ಲಿ ಕಾಂಟೂರ್ ಅಂತರದ ಅರ್ಧದೊಳಗೆ, ಅಂದರೆ ಇಲ್ಲಿ 20 ಅಡಿಯೊಳಗೆ ಸರಿಯಿದ್ದರೆ ಸಾಕು. ಅಡ್ಡ ಅಳತೆಯಲ್ಲಿ ಸ್ಪಷ್ಟ ಗುರುತುಗಳು 40 ಅಡಿಯೊಳಗೆ ಇರಬೇಕು. ಇಡೀ ದೇಶವನ್ನು 55,000ಕ್ಕೂ ಹೆಚ್ಚು ಹಾಳೆಗಳಲ್ಲಿ ಮುಗಿಸಿದ ಕೆಲಸಕ್ಕೆ ಇದು ಬಹಳ ಉನ್ನತ ಗುಣಮಟ್ಟವೇ. ಆದರೆ ಹಗ್ಗ ಬೇಕೇ ಬೇಡವೇ ಎಂದು ನಿರ್ಧರಿಸಲು ಆ ಹಾಳೆ ಎಂದೂ ಹೊರಟಿರಲಿಲ್ಲ.

ಜಿಐಎಸ್ ಕೆಲಸದಾಕೆ:

ಮೋಜಣಿದಾರರ ಮಾತಿಗೆ ಪೂರ್ಣ ಸಹಮತ. ಪ್ರಶ್ನೆಯಲ್ಲಿರುವ "ಸಂಬಂಧವಿಲ್ಲದ ಎರಡು ಆಕರಗಳು" ಎಂಬ ಮಾತನ್ನು ಮಾತ್ರ ತಿದ್ದಬೇಕಾಗಿದೆ, ಏಕೆಂದರೆ ಇಡೀ ಗೊಂದಲದ ಮೂಲ ಅಲ್ಲಿಯೇ ಇದೆ.

ಆ್ಯಪ್‌ಗಳು ತೋರಿಸುವ ಉಬ್ಬುತಗ್ಗು ಸಾಮಾನ್ಯವಾಗಿ ಯುಎಸ್‌ಜಿಎಸ್‌ನ ಸುಮಾರು 10 ಮೀಟರ್ ಚೌಕಗಳ ಎತ್ತರದ ಮಾದರಿಯಿಂದ, ಅಂದರೆ ಡಿಇಎಂನಿಂದ, ಬರುತ್ತದೆ. ವಿಮಾನದಿಂದ ಲೇಸರ್ ಕಿರಣ ಬಿಟ್ಟು ನೆಲದ ಎತ್ತರ ಅಳೆಯುವ ಲೈಡಾರ್ ಬರುವುದಕ್ಕೆ ಮೊದಲು ಈ ಮಾದರಿಯನ್ನು ದೇಶದ ಬಹುಭಾಗಕ್ಕೆ ತಯಾರಿಸಿದ್ದು ಹೊಸದಾಗಿ ಭೂಮಿಯನ್ನು ಅಳೆದಲ್ಲ. ಹಳೆಯ 1:24,000 ಹಾಳೆಗಳ ಕಂದು ಗೆರೆಗಳನ್ನೇ ಗಣಕಕ್ಕೆ ಇಳಿಸಿ, ಗೆರೆಗಳ ನಡುವಿನ ಜಾಗವನ್ನು ಲೆಕ್ಕ ಹಾಕಿ ತುಂಬಿದರು. ಆ್ಯಪ್ ಮತ್ತೆ ಆ ಚೌಕಗಳಿಂದ ಹೊಸ ಗೆರೆಗಳನ್ನು ಹುಟ್ಟಿಸಿ, ಅಂದವಾಗಿ ನೆರಳು ಕೊಟ್ಟು ತೋರಿಸುತ್ತದೆ. ಹೀಗಾಗಿ ಆ್ಯಪ್ ಮತ್ತು ಹಾಳೆ ಹೊಂದಿಕೆಯಾಗುವುದು ಸಹಜ. ಮಗ ತಂದೆಯನ್ನು ಹೋಲಿದರೆ ಅದು ತಂದೆಯ ಮಾತಿಗೆ ಸಾಕ್ಷಿಯಾಗುವುದಿಲ್ಲ. ಮೋಜಣಿದಾರರು ಹೇಳಿದ ನೆರಳಿನ ಊಹೆಯ ಗೆರೆಯೂ ಈ ದಾರಿಯಲ್ಲಿಯೇ ನಿಮ್ಮ ಫೋನಿಗೆ ಬಂದಿರಬಹುದು.

ನಿಮ್ಮ ಜಾಗದ ಮಾದರಿ ಯಾವ ಮೂಲದ್ದು ಎಂದು ನೀವೇ ಪರೀಕ್ಷಿಸಬಹುದು. ಯುಎಸ್‌ಜಿಎಸ್‌ನ ನ್ಯಾಷನಲ್ ಮ್ಯಾಪ್‌ನಿಂದ ಡಿಇಎಂ ಇಳಿಸಿಕೊಂಡು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತೆರೆಯಿರಿ. ಎತ್ತರಗಳನ್ನು ಅಡಿಗೆ ಪರಿವರ್ತಿಸಿ, ಯಾವ ಎತ್ತರದ ಚೌಕಗಳು ಎಷ್ಟಿವೆ ಎಂದು ತೋರಿಸುವ ಹಿಸ್ಟೋಗ್ರಾಮ್ ನೋಡಿದಾಗ 40ರ ಗುಣಕಗಳ ಬಳಿ ಮುಳ್ಳುಗಳಂತೆ ಏರಿಕೆ ಕಂಡರೆ, ಅದು ಗೆರೆಗಳಿಂದ ಹುಟ್ಟಿದ ಮಾದರಿ. ಇಳಿಜಾರಿನ ಪದರ ತಯಾರಿಸಿದರೆ ಇನ್ನೂ ಸ್ಪಷ್ಟ: ನಯವಾಗಿರಬೇಕಾದ ಗುಡ್ಡದ ಮೈ ಮೇಲೆ ಮೆಟ್ಟಿಲು ಮೆಟ್ಟಿಲಾದ ಪಟ್ಟಿಗಳು ಕಾಣುತ್ತವೆ.

ಲೈಡಾರ್ ಹಾರಾಟ ಮುಗಿದಿರುವ ಕಡೆ ಸ್ಥಿತಿ ಬೇರೆ. ಯುಎಸ್‌ಜಿಎಸ್‌ನ 3ಡಿ ಎಲಿವೇಶನ್ ಯೋಜನೆಯ ಮೂಲ ಗುಣಮಟ್ಟದಲ್ಲಿ ಚದರ ಮೀಟರಿಗೆ ಕನಿಷ್ಠ 2 ಬಿಂದುಗಳಿದ್ದು, ತೆರೆದ ನೆಲದಲ್ಲಿ ಎತ್ತರದ ದೋಷ 10 ಸೆಂಟಿಮೀಟರ್ ಆಸುಪಾಸಿನದು. ಅದರಿಂದ ಒಂದು ಮೀಟರ್ ಚೌಕದ ಮಾದರಿ ಸಿಗುತ್ತದೆ. 10 ಮೀಟರ್ ಮಾದರಿಯನ್ನೂ ಅಂಥ ಕಡೆ ಹೊಸ ಅಳತೆಯಿಂದ ಬದಲಿಸುತ್ತಾರೆ. ಆದರೆ ಪರದೆಯ ಮೇಲೆ ಹಳತು ಹೊಸತರ ನಡುವೆ ಹೊಲಿಗೆ ಕಾಣಿಸುವುದಿಲ್ಲ. ಯಾವ ಆ್ಯಪ್ ಕೂಡ "ಇಲ್ಲಿಂದ ಆಚೆಗೆ ನಮ್ಮ ಅಳತೆ ದಶಕಗಳ ಹಿಂದಿನದು" ಎಂದು ಬರೆದು ತೋರಿಸುವುದನ್ನು ನಾನು ನೋಡಿಲ್ಲ. ತೋರಿಸಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಬೇ ಏರಿಯಾ ಚಾರಣಿಗ:

ಹಾಗಿದ್ದರೆ ಉತ್ತರ ಸರಳವಾಗಿದೆಯಲ್ಲವೇ? ಲೈಡಾರ್ ಇರುವಲ್ಲಿ ಲೈಡಾರ್ ಬಳಸಿ, ಹಳೆಯ ಹಾಳೆಗಳನ್ನು ಸಂಗ್ರಹಾಲಯಕ್ಕೆ ಬಿಟ್ಟುಬಿಡಬೇಕು. ಮರುಭೂಮಿಯಲ್ಲಿ ನೆಲವನ್ನು ಮರೆಮಾಚುವ ದಟ್ಟ ಕಾಡೂ ಇಲ್ಲ. ಅಲ್ಲಲ್ಲಿ ಜುನಿಪರ್, ಪಿನ್ಯನ್ ಮರಗಳು, ಉಳಿದದ್ದೆಲ್ಲ ಬರಿಯ ಬಂಡೆ. ಹತ್ತು ಸೆಂಟಿಮೀಟರ್ ನಿಖರತೆಯ ಮುಂದೆ ಊಹೆಯ ಗೆರೆಗಳಿಗೆ ಬೆಲೆ ಕೊಡುವುದು ಏಕೆಂದು ನನಗೆ ಅರ್ಥವಾಗುವುದಿಲ್ಲ.

ಶಿಲೆಗಳ ವಿದ್ಯಾರ್ಥಿನಿ:

ಚಾರಣಿಗರೇ, ತೆರೆದ ಬಂಡೆಯ ಮೇಲೆ ನಿಮ್ಮ ಮಾತು ನಿಜ. ಈ ಕಮರಿಗಳಲ್ಲಿ ಮಾತ್ರ ಅದು ಪೂರ್ತಿ ನಿಲ್ಲುವುದಿಲ್ಲ, ಎರಡು ಕಾರಣಗಳಿಂದ.

ಮೊದಲನೆಯದು ಆಕಾರ. ಡಿಇಎಂನಲ್ಲಿ ಒಂದು ಚೌಕಕ್ಕೆ ಒಂದೇ ಎತ್ತರ. ಕಯೋಟಿ ಗಲ್ಚ್‌ನಲ್ಲಿ ಜೇಕಬ್ ಹ್ಯಾಂಬ್ಲಿನ್ ಕಮಾನಿನ ಬಳಿ ಗೋಡೆ ತಲೆಯ ಮೇಲೆ ಬಾಗಿಕೊಂಡು, ಅದರ ಅಡಿಯಲ್ಲಿ ತೊರೆ ಹರಿಯುತ್ತದೆ. ಮೇಲಿನಿಂದ ಬರುವ ಲೇಸರ್ ಕಿರಣಕ್ಕೆ ಸಿಗುವುದು ಬಂಡೆಯ ಛಾವಣಿ ಮಾತ್ರ. ಡ್ರೈ ಫೋರ್ಕ್‌ನ ಸ್ಪೂಕಿಯಂತಹ ಸೀಳುಕಮರಿ ಕೆಲವೆಡೆ ಒಂದು ಅಡಿಗಿಂತಲೂ ಕಿರಿದು. ಓರೆಯಾಗಿ ಬರುವ ಕಿರಣಗಳು ಗೋಡೆಗೆ ಬಡಿದು ಹಿಂದಿರುಗುತ್ತವೆ, ತಳ ಮುಟ್ಟುವ ಬಿಂದುಗಳು ಬೆರಳೆಣಿಕೆಯಷ್ಟು. ಬಿಂದುಗಳಿಲ್ಲದ ಕಡೆ ತಂತ್ರಾಂಶವು ಅಕ್ಕಪಕ್ಕದ ಎತ್ತರಗಳನ್ನು ಜೋಡಿಸಿ ಜಾಗ ತುಂಬುವುದರಿಂದ, ಆಳವಾದ ಸೀಳು ನಡೆದುಹೋಗಬಹುದಾದ ಆಳವಿಲ್ಲದ ಹಳ್ಳದಂತೆ ಕಾಣುತ್ತದೆ. ಇಲ್ಲಿಯೂ ಅಳತೆ ಯಾವುದು, ಊಹೆ ಯಾವುದು ಎಂದು ನೋಡಲೇಬೇಕು. ಡಿಇಎಂ ಜೊತೆಗೆ ಮೂಲ ಬಿಂದುಗಳ ಕಡತವನ್ನೂ ತೆರೆದು, ಸೀಳಿನ ತಳದಲ್ಲಿ ಬಿಂದುಗಳಿವೆಯೇ ಎಂದು ಪರೀಕ್ಷಿಸಿ.

ಎರಡನೆಯದು ಒರತೆಗಳು, ನಿಮ್ಮ ತಂಡಕ್ಕೆ ಬೇಕಾದದ್ದು ಮುಖ್ಯವಾಗಿ ಅದೇ. ಲೇಸರ್‌ಗೆ ಒರತೆಯ ಗುರುತು ಗೊತ್ತಾಗುವುದಿಲ್ಲ. ಹಳೆಯ ಹಾಳೆಗಳನ್ನು ಅಚ್ಚಿಗೆ ಕಳುಹಿಸುವ ಮೊದಲು ಕ್ಷೇತ್ರ ಪರಿಶೀಲಕರು ಸ್ಥಳಕ್ಕೆ ಹೋಗಿ, ದನಕರು ಸಾಕುವವರನ್ನು ಕೇಳಿ, ಒರತೆ, ಬಾವಿ, ಗಾಳಿಯಂತ್ರ, ಕಟ್ಟೆ, ಬೇಲಿ, ಜೀಪು ದಾರಿಗಳನ್ನು ಗುರುತಿಸಿಕೊಂಡು ಬರುತ್ತಿದ್ದರು. ಯುಎಸ್ ಟೋಪೋ ಹಾಳೆಗಳನ್ನು ದತ್ತಾಂಶಗಳಿಂದ ನೇರವಾಗಿ, ಮೂರು ವರ್ಷಗಳ ಸರದಿಯಂತೆ, ಕ್ಷೇತ್ರ ಪರಿಶೀಲನೆಯಿಲ್ಲದೆ ತಯಾರಿಸುವುದರಿಂದ ಅಂಥ ಎಷ್ಟೋ ವಿವರಗಳು ಅವುಗಳಲ್ಲಿ ಸೇರಲೇ ಇಲ್ಲ. ನಲವತ್ತು ವರ್ಷ ಹಳೆಯ ಒರತೆಯ ಗುರುತು ಇಂದು ಬತ್ತಿರಬಹುದು. ಆದರೂ ಯಾರೋ ಅಲ್ಲಿ ನಿಂತು ನೋಡಿದ್ದರು ಎಂಬ ಮಾಹಿತಿ ಬೇರೆ ಯಾವ ಪದರದಲ್ಲಿಯೂ ಇಲ್ಲ. ನಿಮ್ಮ ತಂಡ ಎಲ್ಲಿಗೆ ಹೋಗಬೇಕು ಎಂಬ ಪಟ್ಟಿ ಶುರುವಾಗುವುದೇ ಅಲ್ಲಿಂದ.

ಇದಕ್ಕೆ ಭೂವಿಜ್ಞಾನ ನಕ್ಷೆಯನ್ನೂ ಸೇರಿಸಿಕೊಳ್ಳಿ ಎಂದು ಒತ್ತಾಯಿಸುತ್ತೇನೆ. ಎಸ್ಕಲಾಂಟೆಯಲ್ಲಿ ಮೇಲಿನಿಂದ ಕೆಳಕ್ಕೆ ನವಾಹೊ ಮರಳುಗಲ್ಲು, ಕಾಯೆಂಟಾ ಪದರಗಳು, ವಿಂಗೇಟ್ ಮರಳುಗಲ್ಲು ಎಂಬ ಕ್ರಮವಿದೆ. ನವಾಹೊ ದಪ್ಪನಾದ, ನೀರು ಹೀರಿಕೊಳ್ಳುವ ಕಲ್ಲು; ಅದರಡಿಯ ಕಾಯೆಂಟಾದಲ್ಲಿ ಜೇಡಿ ಮತ್ತು ಹೂಳಿನ ಪದರಗಳಿರುವುದರಿಂದ ಇಳಿದ ನೀರು ಅಲ್ಲಿ ತಡೆದು ಪಕ್ಕಕ್ಕೆ ಒಸರುತ್ತದೆ. ಒರತೆಗಳನ್ನು ಈ ಎರಡರ ಗಡಿಯಲ್ಲಿ ಹುಡುಕಬೇಕು. ಕಾಯೆಂಟಾ ಮೆಟ್ಟಿಲು ಮೆಟ್ಟಿಲಾಗಿ ಒಡೆಯುವುದರಿಂದ ನಡೆಯಲು ದಾರಿ ಸಿಗುತ್ತದೆ, ಆದರೆ ಅದರ ಗಟ್ಟಿ ಪಟ್ಟೆಗಳೇ ಕಮರಿಯ ತಳದಲ್ಲಿ ಜಿಗಿತಗಳಾಗುವುದೂ ಉಂಟು. ವಿಂಗೇಟ್ ಬಂದರೆ ನೇರ ಗೋಡೆ. ಯಾವ ಕಾಂಟೂರ್ ಕೂಡ ಹೇಳದ ಮಾತನ್ನು ಕಲ್ಲಿನ ಹೆಸರು ಹೇಳುತ್ತದೆ.

ನಿವೃತ್ತ ಮೋಜಣಿದಾರ:

ವಿದ್ಯಾರ್ಥಿನಿಯವರು ಬಹಳ ಚೆನ್ನಾಗಿ ಬರೆದಿದ್ದೀರಿ. ಈ ನೆಲ ನಕ್ಷೆಗಾರರನ್ನು ಎಷ್ಟು ತಡವಾಗಿ ಒಳಗೆ ಬಿಟ್ಟುಕೊಂಡಿತು ಎಂಬುದನ್ನೂ ಇಲ್ಲಿ ನೆನೆಯಬೇಕು. 1872ರಲ್ಲಿ ಜಾನ್ ವೆಸ್ಲಿ ಪೊವೆಲ್‌ನ ಸಮೀಕ್ಷಾ ತಂಡದ ಆಲ್ಮನ್ ಹ್ಯಾರಿಸ್ ಥಾಮ್ಸನ್, ಡರ್ಟಿ ಡೆವಿಲ್ ನದಿಯ ಬಾಯಲ್ಲಿ ಬಿಟ್ಟಿದ್ದ ದೋಣಿಯನ್ನು ತರಲು ನೆಲದ ದಾರಿಯಲ್ಲಿ ಹೊರಟ. ತಾವು ಕಂಡ ಕಮರಿ ಡರ್ಟಿ ಡೆವಿಲ್‌ಗೆ ಸೇರಿದ್ದಲ್ಲ, ಅದುವರೆಗೆ ಯಾವ ನಕ್ಷೆಯಲ್ಲಿಯೂ ಇಲ್ಲದ ನದಿಯದು ಎಂದು ಅವನಿಗೆ ಅರಿವಾಯಿತು. ಅದೇ ಎಸ್ಕಲಾಂಟೆ. ಪಕ್ಕದ ಹೆನ್ರಿ ಪರ್ವತಗಳು ಅಮೆರಿಕದ ಮುಖ್ಯ ಭೂಭಾಗದಲ್ಲಿ ನಕ್ಷೆಗೆ ಕೊನೆಯದಾಗಿ ಸೇರಿದ ಪರ್ವತಶ್ರೇಣಿ ಎಂದು ಹೆಸರಾಗಿವೆ. ಅಲ್ಲಿನ ಮೌಂಟ್ ಎಲೆನ್ 11,522 ಅಡಿ ಎತ್ತರವಿದ್ದು ದೂರದೂರಕ್ಕೆ ಕಾಣುತ್ತದೆ. ಇಷ್ಟು ಎದ್ದು ಕಾಣುವುದೂ ಹಾಳೆಗೆ ಬರಲು 1870ರ ದಶಕದವರೆಗೆ ಕಾಯಬೇಕಾಯಿತು.

ಆ ತಂಡ ತ್ರಿಕೋನ ಮಾಪನಕ್ಕಾಗಿ (ಒಂದು ರೇಖೆಯನ್ನು ನೆಲದ ಮೇಲೆ ಅಳೆದು, ಉಳಿದ ದೂರಗಳನ್ನು ಕೋನಗಳಿಂದ ಲೆಕ್ಕ ಹಾಕುವ ವಿಧಾನ) ಕನಾಬ್ ಊರಿನ ಬಳಿ ಸುಮಾರು 9 ಮೈಲಿ ಉದ್ದದ ಆಧಾರರೇಖೆಯನ್ನು ಅಳೆಯಿತು. ನಮ್ಮ ಬೆಂಗಳೂರಿನ ಬಳಿ ವಿಲಿಯಂ ಲ್ಯಾಂಬ್ಟನ್ 1804ರಲ್ಲಿ ಅಳೆದ ಆಧಾರರೇಖೆಯ ತತ್ವವೂ ಇದೇ. ಮದ್ರಾಸಿನ ಬಳಿ ಅಳೆದ ಮೊದಲ ರೇಖೆಯಿಂದ ತ್ರಿಕೋನಗಳ ಮೂಲಕ ಲೆಕ್ಕ ಹಾಕಿದ ಉದ್ದಕ್ಕೂ ಇಲ್ಲಿ ನೆಲದ ಮೇಲೆ ಅಳೆದ ಉದ್ದಕ್ಕೂ ಬಂದ ವ್ಯತ್ಯಾಸ ಕೆಲವೇ ಅಂಗುಲ. ಲ್ಯಾಂಬ್ಟನ್ ಎರಡನೆಯ ರೇಖೆಯನ್ನು ಬೇರೆಯಾಗಿಯೇ ಅಳೆದದ್ದರಿಂದ ಆ ಹೊಂದಿಕೆಗೆ ಅರ್ಥವಿತ್ತು. ಹಾಳೆ ಮತ್ತು ಆ್ಯಪ್‌ಗಳ ಹೊಂದಿಕೆಯಲ್ಲಿ ಇಲ್ಲದಿರುವುದು ಇದೇ.

ಭೂದಾಖಲೆ ಆಸಕ್ತ:

ಒಡೆತನದ ವಿಷಯ ಯಾರೂ ಎತ್ತಲಿಲ್ಲ. ಸಾರ್ವಜನಿಕ ಭೂಮಿಯಲ್ಲಿ ನಡೆಯುವವರು ಇದನ್ನು ಬಿಡುವಂತಿಲ್ಲ.

ಟೋಪೋಶೀಟಿನ ಮೇಲಿನ ಕೆಂಪು ಚೌಕಗಳು 6 ಮೈಲಿ ಬದಿಯ ಟೌನ್‌ಶಿಪ್ ಮತ್ತು ಅದರೊಳಗಿನ 36 ಸೆಕ್ಷನ್‌ಗಳು. ಒಂದು ಸೆಕ್ಷನ್ 640 ಎಕರೆ. ನಮ್ಮಲ್ಲಿ ಹಳ್ಳ, ಬದು, ದಾರಿಗಳನ್ನು ಅನುಸರಿಸಿ ಸರ್ವೆ ನಂಬರುಗಳ ಹದ್ದುಗಳು ಬಂದಿವೆ. ಅಲ್ಲಿ ಕಮರಿ ಅಡ್ಡ ಬಂದರೂ ಗೆರೆ ನೇರವಾಗಿಯೇ ಹೋಗುತ್ತದೆ. ಯೂಟಾ ರಾಜ್ಯವಾದಾಗ ಶಾಲೆಗಳ ಆದಾಯಕ್ಕಾಗಿ ಪ್ರತಿ ಟೌನ್‌ಶಿಪ್‌ನ 2, 16, 32, 36ನೆಯ ಸೆಕ್ಷನ್‌ಗಳನ್ನು ರಾಜ್ಯಕ್ಕೆ ಕೊಟ್ಟರು. ಸ್ಮಾರಕದೊಳಗೆ ಸಿಕ್ಕಿಕೊಂಡಿದ್ದ ಅಂಥ ತುಂಡುಗಳನ್ನು 1998ರ ಭೂವಿನಿಮಯ ಕಾಯ್ದೆಯ ಮೂಲಕ ಕೇಂದ್ರಕ್ಕೆ ಸೇರಿಸಲಾಯಿತು. ಅದಕ್ಕೂ ಮೊದಲಿನ ಒಡೆತನದ ನಕ್ಷೆ ಬಳಸಿದರೆ ಇಲ್ಲದ ಗಡಿಗಳು ಕಾಣುತ್ತವೆ. ಬಿಎಲ್‌ಎಂನ 1:100,000 ನಕ್ಷೆಗಳಲ್ಲಿ ಬಿಎಲ್‌ಎಂ ನೆಲ ಹಳದಿ, ರಾಜ್ಯದ್ದು ನೀಲಿ, ಖಾಸಗಿ ಬಿಳಿ. ಇತ್ತೀಚಿನ ಆವೃತ್ತಿಯನ್ನೇ ತರಿಸಿಕೊಳ್ಳಿ.

ದಾರಿಗಳ ಬಗ್ಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಆರ್.ಎಸ್. 2477 ಎಂಬ 1866ರ ಕಾನೂನು ಸಾರ್ವಜನಿಕ ಭೂಮಿಯ ಮೇಲೆ ಹೆದ್ದಾರಿಗಳಿಗೆ ಹಾದಿಯ ಹಕ್ಕು ಕೊಡುತ್ತಿತ್ತು. 1976ರಲ್ಲಿ ಅದನ್ನು ರದ್ದುಪಡಿಸಿದರೂ ಆಗಲೇ ಹುಟ್ಟಿದ್ದ ಹಕ್ಕುಗಳು ಉಳಿದವು. ಯೂಟಾ ರಾಜ್ಯ ಮತ್ತು ಅದರ ಕೌಂಟಿಗಳು ಹತ್ತು ಸಾವಿರಕ್ಕೂ ಹೆಚ್ಚು ದಾರಿಗಳ ಮೇಲೆ ಇಂಥ ಹಕ್ಕು ಮಂಡಿಸಿವೆ, ಹಳೆಯ ನಕ್ಷೆಗಳ ತುಂಡುಗೆರೆಗಳೂ ಅಲ್ಲಿ ಪುರಾವೆಯಾಗಿ ಬರುತ್ತವೆ. ತುಂಡುಗೆರೆ ಹೇಳುವುದು ಆ ವರ್ಷ ಅಲ್ಲಿ ಚಕ್ರದ ಜಾಡು ಇತ್ತು ಎಂದು ಮಾತ್ರ. ವಾಹನ ಓಡಿಸಲು ಇಂದು ಅನುಮತಿಯಿದೆ ಎಂದು ಅದರ ಅರ್ಥವಲ್ಲ. ನಿಮ್ಮ ತಂಡದ ನಕ್ಷೆಯಲ್ಲಿ ಹಳೆಯ ಜಾಡುಗಳನ್ನು ಬೇರೆ ಬಣ್ಣದಲ್ಲಿ ತೋರಿಸಬೇಕೆಂದು ನನ್ನ ವಿನಂತಿ.

ಯೂಟಾ ಕನ್ನಡಿಗ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಿಸ್ಟೋಗ್ರಾಮ್ ಮಾಡಿ ನೋಡಿದೆ. ನಮಗೆ ಬೇಕಾದ ಒಂದು ಭಾಗದಲ್ಲಿ 40 ಅಡಿಯ ಮುಳ್ಳುಗಳು ಸ್ಪಷ್ಟವಾಗಿವೆ. ಇನ್ನೆರಡು ಪ್ರಶ್ನೆಗಳು. ಹಳೆಯ ಹಾಳೆಯಿಂದ ಒರತೆಗಳ ಯುಟಿಎಂ ನಿರ್ದೇಶಾಂಕಗಳನ್ನು, ಅಂದರೆ ಸ್ಥಾನವನ್ನು ಮೀಟರುಗಳಲ್ಲಿ ಹೇಳುವ ಅಂಕಿಗಳನ್ನು, ಓದಿ ಜಿಪಿಎಸ್‌ಗೆ ಹಾಕಿದಾಗ ಎಲ್ಲವೂ ಒಂದೇ ದಿಕ್ಕಿಗೆ ಸರಿದು, ಕೆಲವು ಗೋಡೆಯ ಮೇಲೆ ಬೀಳುತ್ತಿವೆ. ಏಕೆ? ಮತ್ತು ಜಿಗಿತಗಳನ್ನು ಅಳೆಯಲು ಡ್ರೋನ್ ಹಾರಿಸಬಹುದೇ?

ಜಿಐಎಸ್ ಕೆಲಸದಾಕೆ:

ಮೊದಲ ಪ್ರಶ್ನೆಗೆ ಕಾರಣ ಡೇಟಮ್, ಅಂದರೆ ನಿರ್ದೇಶಾಂಕಗಳನ್ನು ಎಣಿಸಲು ಆಧಾರವಾಗಿ ಇಟ್ಟುಕೊಂಡ ಭೂಮಿಯ ಮಾದರಿ. ಹಾಳೆಯ ಕೆಳಗಿನ ಎಡ ಮೂಲೆಯ ಸಣ್ಣ ಅಕ್ಷರಗಳಲ್ಲಿ 1927ರ ನಾರ್ತ್ ಅಮೆರಿಕನ್ ಡೇಟಮ್ ಎಂದಿರುತ್ತದೆ. ಅದನ್ನು ಕನ್ಸಾಸ್‌ನ ಮೀಡ್ಸ್ ರಾಂಚ್ ಎಂಬ ಬಿಂದುವಿಗೂ ಕ್ಲಾರ್ಕ್ 1866 ಎಂಬ ದೀರ್ಘಗೋಳಕ್ಕೂ ಕಟ್ಟಿಹಾಕಲಾಗಿದೆ. ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಭೂಕೇಂದ್ರವನ್ನು ಆಧರಿಸಿದೆ. ಇಲ್ಲಿ ಯುಟಿಎಂ 12ನೆಯ ವಲಯದ ಉತ್ತರ ನಿರ್ದೇಶಾಂಕದಲ್ಲಿ ಎರಡರ ನಡುವೆ ಸುಮಾರು 200 ಮೀಟರ್ ವ್ಯತ್ಯಾಸವಿರುತ್ತದೆ. ಒಂದು ಕಮರಿ ಬಿಟ್ಟು ಪಕ್ಕದ ಕಮರಿಗೆ ಹೋಗಲು ಅಷ್ಟು ಸಾಕು. ಕೈಯಿಂದ 200 ಕೂಡಿಸಬೇಡಿ. ಕ್ಯೂಜಿಐಎಸ್‌ನಲ್ಲಿ ಪದರಕ್ಕೆ ಸರಿಯಾದ ಡೇಟಮ್ ಹೆಸರಿಸಿ ಪರಿವರ್ತಿಸಿ. ಯುಎಸ್‌ಜಿಎಸ್‌ನ ಟೋಪೋವ್ಯೂನಲ್ಲಿ ಹಳೆಯ ಹಾಳೆಗಳು ಸ್ಥಾನಸೂಚಿ ಸಹಿತ ಉಚಿತವಾಗಿ ಸಿಗುತ್ತವೆ, ಅವನ್ನೇ ಬಳಸುವುದು ಒಳ್ಳೆಯದು. ಹಾಳೆಯ ಅಂಚಿನಲ್ಲಿರುವ ದಿಕ್ಸೂಚಿಯ ಕೋನವನ್ನೂ ನಂಬಬೇಡಿ, ಕಾಂತೀಯ ಉತ್ತರ ಅಂದಿನಿಂದ ಹಲವು ಡಿಗ್ರಿ ಸರಿದಿದೆ.

ನದಿಯ ಕೆಳಭಾಗಕ್ಕೆ ಹೋಗುವುದಿದ್ದರೆ ಅಣೆಕಟ್ಟಿನ ಹಿನ್ನೀರಾದ ಪೊವೆಲ್ ಸರೋವರದ ನೀಲಿ ಬಣ್ಣವನ್ನೂ ಹಾಗೆಯೇ ನೋಡಬೇಕು. ಅನೇಕ ಹಾಳೆಗಳಲ್ಲಿ ಅದನ್ನು ತುಂಬಿದ ಮಟ್ಟವಾದ 3,700 ಅಡಿಗೆ ಎಳೆದಿದ್ದಾರೆ. 2023ರ ಆರಂಭದಲ್ಲಿ ನೀರು 3,520 ಅಡಿಯ ಆಸುಪಾಸಿಗೆ ಇಳಿದಿತ್ತು. ನೀಲಿಯ ಅಡಿಯಿಂದ ಹೊರಬಂದ ಕಮರಿಯಲ್ಲಿ ಈಗ ಹೂಳು ತುಂಬಿದೆ. 1963ರಲ್ಲಿ ನೀರು ನಿಲ್ಲುವುದಕ್ಕೆ ಮೊದಲಿನ ಕಾಂಟೂರ್‌ಗಳೂ ಇಂದಿನ ನೆಲವನ್ನು ಹೇಳುವುದಿಲ್ಲ.

ಡ್ರೋನ್ ವಿಷಯದಲ್ಲಿ ಮೊದಲು ಬಿಎಲ್‌ಎಂ ಕಚೇರಿಯನ್ನು ಲಿಖಿತವಾಗಿ ಕೇಳಿ. ಕಯೋಟಿ ಗಲ್ಚ್‌ನ ಕೆಳಭಾಗದಂತಹ ಕಡೆ ಗಡಿ ದಾಟಿದರೆ ಅದು ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಗ್ಲೆನ್ ಕ್ಯಾನ್ಯನ್ ಪ್ರದೇಶ. ಅಲ್ಲಿ ಡ್ರೋನ್ ನಿಷಿದ್ಧ. ನಕ್ಷೆಗಾಗಿ ಹಾರಿಸುವುದು ಬರಿಯ ವಿನೋದವಲ್ಲವಾದ್ದರಿಂದ ಹಾರಿಸುವವರಿಗೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ಪಾರ್ಟ್ 107 ಪ್ರಮಾಣಪತ್ರವೂ ಬೇಕಾಗುತ್ತದೆ. ಎತ್ತರದ ಮಿತಿ ನೆಲದಿಂದ 400 ಅಡಿ. ಅಂಚಿನಲ್ಲಿ ನಿಂತು 50 ಅಡಿ ಮೇಲೇರಿಸಿದ ಡ್ರೋನ್ 600 ಅಡಿ ಆಳದ ಕಮರಿಯ ನಡುವಿಗೆ ಹೋದ ಕ್ಷಣವೇ ಅದರ ಕೆಳಗಿನ ನೆಲ 650 ಅಡಿ ದೂರದಲ್ಲಿರುತ್ತದೆ. ಜೊತೆಗೆ ಗೋಡೆಗಳ ನಡುವೆ ಉಪಗ್ರಹಗಳು ಮರೆಯಾಗಿ ಸ್ಥಾನ ನಿರ್ಣಯವೂ ಕೆಡುತ್ತದೆ. ನಿಮ್ಮ 25 ಅಡಿಯ ಜಿಗಿತಕ್ಕೆ ಇದಾವುದೂ ಬೇಡ. ಮೇಲಿನಿಂದ ಗುರುತು ಹಾಕಿದ ಹಗ್ಗ ಇಳಿಬಿಟ್ಟರೆ ಯಾವ ಉಪಕರಣಕ್ಕಿಂತಲೂ ಚೆನ್ನಾಗಿ ಅಳತೆ ಸಿಗುತ್ತದೆ.

ಶಿಲೆಗಳ ವಿದ್ಯಾರ್ಥಿನಿ:

ಒಂದು ಮಾತು ಸೇರಿಸುತ್ತೇನೆ. ಒರತೆಯ ಬಳಿ ಪ್ರಾಚೀನ ಕಣಜಗಳು, ಬಂಡೆಯ ಮೇಲಿನ ಕೆತ್ತನೆಗಳು ಸಿಗುವುದು ಸಾಮಾನ್ಯ. ಅವುಗಳ ಸ್ಥಾನವನ್ನು ಸಾರ್ವಜನಿಕ ನಕ್ಷೆಯಲ್ಲಿ ಹಾಕಬೇಡಿ. ಬಿಎಲ್‌ಎಂನ ಪುರಾತತ್ವ ವಿಭಾಗಕ್ಕೆ ಮಾತ್ರ ತಿಳಿಸಿ. 1979ರ ಪುರಾತತ್ವ ಸಂಪನ್ಮೂಲ ಸಂರಕ್ಷಣಾ ಕಾಯ್ದೆಯೂ ಅಂಥ ಮಾಹಿತಿಯನ್ನು ಗೋಪ್ಯವಾಗಿ ಕಾಯ್ದುಕೊಳ್ಳುವಂತೆ ಇಲಾಖೆಗಳಿಗೆ ಹೇಳುತ್ತದೆ.

ಯೂಟಾ ಕನ್ನಡಿಗ:

ಖಂಡಿತವಾಗಿ ಪಾಲಿಸುತ್ತೇವೆ. ಚರ್ಚೆಯ ಆಧಾರದ ಮೇಲೆ ಹಾಳೆಯನ್ನು ಹೀಗೆ ಯೋಜಿಸಿದ್ದೇನೆ. ತಳಪದರವಾಗಿ ಲೈಡಾರ್ ಇರುವ ಕಡೆ ಒಂದು ಮೀಟರ್ ಮಾದರಿ, ಇಲ್ಲದ ಕಡೆ 10 ಮೀಟರಿನದು. ಎರಡರ ಗಡಿಯನ್ನು ದಪ್ಪ ಗೆರೆಯಿಂದ ತೋರಿಸಿ, ಹಳೆಯ ಗೆರೆಗಳಿಂದ ಹುಟ್ಟಿದ ಭಾಗಕ್ಕೆ ಓರೆಗೆರೆ ತುಂಬುತ್ತೇನೆ. ಪ್ರತಿ ಒರತೆ, ಕಟ್ಟೆ, ಜಾಡಿನ ಪಕ್ಕದಲ್ಲಿ ಅದು ಬಂದ ಹಾಳೆಯ ಹೆಸರು ಮತ್ತು ವರ್ಷ ಇರುತ್ತದೆ. ನವಾಹೊ–ಕಾಯೆಂಟಾ ಗಡಿ ಪ್ರತ್ಯೇಕ ಬಣ್ಣದಲ್ಲಿ. ತಂಡದವರು ಕಣ್ಣಾರೆ ನೋಡಿದ ಜಿಗಿತಗಳಿಗೆ ಮಾತ್ರ ತುಂಬಿದ ತ್ರಿಕೋನ, ಲೈಡಾರ್‌ನಿಂದ ಊಹಿಸಿದವಕ್ಕೆ ಖಾಲಿ ತ್ರಿಕೋನ. ಮೊದಲ ಕರಡನ್ನು ಈ ವಾರಾಂತ್ಯದೊಳಗೆ ಇಲ್ಲಿಯೇ ಹಾಕುತ್ತೇನೆ, ಮೋಜಣಿದಾರ ಸರ್ ದಯವಿಟ್ಟು ನೆರಳಿನ ಭಾಗಗಳನ್ನು ಒಮ್ಮೆ ಪರಿಶೀಲಿಸಿಕೊಡಬೇಕು.

ನಿವೃತ್ತ ಮೋಜಣಿದಾರ:

ಸಂತೋಷದಿಂದ ನೋಡುತ್ತೇನೆ. ಸಾಧ್ಯವಾದರೆ ಆ ಹಾಳೆಗಳಿಗೆ ಬಳಸಿದ ಮೂಲ ವಿಮಾನ ಚಿತ್ರಗಳನ್ನೂ ತರಿಸಿಕೊಳ್ಳಿ, ಯುಎಸ್‌ಜಿಎಸ್‌ನ ಅರ್ಥ್ ಎಕ್ಸ್‌ಪ್ಲೋರರ್‌ನಲ್ಲಿ ಹಳೆಯ ಚಿತ್ರಗಳು ಸಿಗುತ್ತವೆ. ಅಕ್ಕಪಕ್ಕದ ಎರಡು ಚಿತ್ರಗಳು ಬೇಕು. ಯಾವ ಕಮರಿಯ ತಳ ನೆರಳಿನಲ್ಲಿತ್ತು, ಯಾವುದು ಬಿಸಿಲಿನಲ್ಲಿತ್ತು ಎಂದು ಅವುಗಳಿಂದಲೇ ಗುರುತಿಸಿ ಕೊಡುತ್ತೇನೆ.